‘ಇದು ಯಾರು?’ ಎಂದು ಮೊದಲು ಕೇಳಬೇಡಿ: ಹಳೆಯ ಫೋಟೊ ಮುಂದಿಟ್ಟು ಮನೆಯ ಕಥೆ ಕೇಳುವ ಬಗೆ

ಮಳೆ ಬಿಟ್ಟು ಹಳೆ ಮನೆಗಳನ್ನು ಕೆಡಹುವ ಕಾಲ ಬಂತೆಂದರೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಜನ ಕೇಳುತ್ತಾರೆ. ಅಟ್ಟದ ಮೇಲೆ ಒಂದು ಟ್ರಂಕು ತುಂಬ ಫೋಟೊ ಸಿಕ್ಕಿತು, ಅಜ್ಜಿಗೆ 85 ದಾಟಿತು, ಈಗ ಏನು ಮಾಡುವುದು? ಇನ್ನು ಕೆಲವರು ಆಗಲೇ ಒಂದು ಸುತ್ತು ಮುಗಿಸಿ ಬಂದಿರುತ್ತಾರೆ: ಫೋಟೊ ತೋರಿಸಿದೆವು, ಅಜ್ಜಿ ನಾಲ್ಕು ಹೆಸರು ಹೇಳಿ ಸುಮ್ಮನಾದರು, ಕಥೆ ಬರಲೇ ಇಲ್ಲ.

ಇಬ್ಬರಿಗೂ ನಾನು ಹೇಳುವ ಮೊದಲ ಮಾತು ಒಂದೇ. ಫೋಟೊ ತೋರಿಸಿ ‘ಇದು ಯಾರು?’ ಎಂದು ಕೇಳಿದಿರಲ್ಲ, ಅಲ್ಲಿಯೇ ಬಾಗಿಲು ಮುಚ್ಚಿತು. ‘ಯಾರು’ ಎಂಬ ಪ್ರಶ್ನೆಗೆ ಹೆಸರು ಸಿಕ್ಕಿದೊಡನೆ ಕೆಲಸ ಮುಗಿಯುತ್ತದೆ. ಹೆಸರು ನೆನಪಾಗದಿದ್ದರೆ ಇನ್ನೂ ಕಷ್ಟ, ಎದುರಿಗಿರುವವರಿಗೆ ಅದು ಪರೀಕ್ಷೆಯಂತೆ ಕಾಣುತ್ತದೆ. ಮರೆವು ಶುರುವಾಗಿರುವ ಹಿರಿಯರಂತೂ ಆ ಕ್ಷಣದಿಂದ ಹಿಂದೆ ಸರಿಯುತ್ತಾರೆ. ಹೆಸರುಗಳು ಹೇಗೂ ಬರುತ್ತವೆ, ಕೊನೆಗೆ ಬರಲಿ.

ಫೋಟೊ ಮುಂದಿಟ್ಟು ಮಾತನಾಡಿಸುವ ಕ್ರಮ ಹೊಸದಲ್ಲ. ಜಾನ್ ಕೋಲಿಯರ್ ಎಂಬ ಸಂಶೋಧಕರು ಕೆನಡಾದಲ್ಲಿ ಕ್ಷೇತ್ರಕಾರ್ಯ ಮಾಡುವಾಗ ಜನರನ್ನು ಫೋಟೊ ತೋರಿಸಿಯೂ ತೋರಿಸದೆಯೂ ಮಾತನಾಡಿಸಿ ನೋಡಿ, ಆ ಅನುಭವವನ್ನು 1957ರಲ್ಲಿ ಪ್ರಕಟಿಸಿದರು. ಫೋಟೊ ಇದ್ದಾಗ ಮಾತು ದೀರ್ಘವಾಗುತ್ತಿತ್ತು, ಹೇಳಿದ್ದನ್ನೇ ಹೇಳುವುದು ಕಡಿಮೆಯಾಗುತ್ತಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಇಬ್ಬರ ಕಣ್ಣೂ ಮೂರನೆಯದೊಂದರ ಮೇಲಿರುವಾಗ ಉತ್ತರ ಹೇಳುವವರ ಸಂಕೋಚ ಇಳಿಯುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಮೊಬೈಲ್, ಮೃದುವಾದ ಪೆನ್ಸಿಲ್ (2ಬಿ ಆದರೆ ಒಳ್ಳೆಯದು), ಕಾಗದದ ಲಕೋಟೆಗಳು, ಒಂದು ಭೂತಗನ್ನಡಿ, ಒಂದು ನೋಟುಪುಸ್ತಕ. ಸ್ಕ್ಯಾನರ್ ಇದ್ದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ. ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ನಾಲ್ಕೈದು ಬಿಡುವಿನ ಮಧ್ಯಾಹ್ನಗಳು. ಒಂದೇ ದಿನದಲ್ಲಿ ಮುಗಿಸುತ್ತೇನೆ ಎಂದು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಮರುದಿನ ರಾತ್ರಿ ಬಸ್ಸಿಗೆ ಹೊರಡುವವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ.

1. ಮುಟ್ಟುವ ಕಾಲ ಬೇರೆ, ಕೇಳುವ ಕಾಲ ಬೇರೆ

ಕರಾವಳಿಯಲ್ಲಿ ಫೋಟೊಗಳನ್ನು ಹಾಳುಮಾಡುವುದು ವಯಸ್ಸಿಗಿಂತ ಹೆಚ್ಚಾಗಿ ತೇವ. ಫೋಟೊ ಕಾಗದದ ಮೇಲ್ಪದರ ಜಿಲೆಟಿನ್, ಅಂದರೆ ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆದ ಒಂದು ಬಗೆಯ ಅಂಟು. ಅದು ಗಾಳಿಯ ತೇವ ಹೀರಿ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ, ಪಕ್ಕದ ಫೋಟೊಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಲ್ಬಮ್ ಬಿಚ್ಚಬೇಡಿ. ಹೊರತೆಗೆಯುವುದು, ಒರೆಸುವುದು, ಪ್ರತಿ ಮಾಡುವುದು ಎಲ್ಲವನ್ನೂ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ಮುಗಿಸಿ.

ಕಥೆ ಕೇಳಲು ಮಾತ್ರ ಆಟಿ ತಿಂಗಳಿಗಿಂತ (ತುಳುವರ ಲೆಕ್ಕದ ತಿಂಗಳು, ಸುಮಾರು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಒಳ್ಳೆಯ ಕಾಲವಿಲ್ಲ. ನಾಟಿ ಮುಗಿದು, ಶುಭಕಾರ್ಯಗಳಿಲ್ಲದೆ, ಹೊರಗೆ ಹೋಗಲು ಮಳೆ ಬಿಡದೆ ಜನ ಮನೆಯಲ್ಲಿ ಕೂರುವ ತಿಂಗಳದು. ಆ ಹೊತ್ತಿಗೆ ನಿಮ್ಮ ಕೈಯಲ್ಲಿ ಇರಬೇಕಾದದ್ದು ದೊಡ್ಡದಾಗಿ ಮುದ್ರಿಸಿದ ಪ್ರತಿಗಳು. ಮೂಲ ಫೋಟೊಗಳು ಕಪಾಟಿನಲ್ಲೇ ಇರಲಿ.

ಹೊರತೆಗೆಯುವಾಗ ಆಗುವ ಅನಾಹುತಗಳು ಬಹುತೇಕ ಮೂರೇ ಬಗೆಯವು. ಒಂದು, ಗಾಜಿಗೆ ಅಂಟಿಕೊಂಡ ಫೋಟೊವನ್ನು ಚೌಕಟ್ಟಿನಿಂದ ಎಳೆಯುವುದು. ಎಳೆದರೆ ಮುಖ ಗಾಜಿನಲ್ಲೇ ಉಳಿಯುತ್ತದೆ, ನಿಮ್ಮ ಕೈಗೆ ಬಿಳಿ ಕಾಗದ ಬರುತ್ತದೆ. ಗಾಜಿನ ಸಮೇತವೇ ಅದರ ಪ್ರತಿ ಮಾಡಿಕೊಂಡು ಸುಮ್ಮನಿರಿ. ಎರಡು, ಎಂಬತ್ತು-ತೊಂಬತ್ತರ ದಶಕದ ಅಂಟು ಆಲ್ಬಮ್‌ಗಳು, ಅಂದರೆ ಅಂಟು ಸವರಿದ ಹಾಳೆಯ ಮೇಲೆ ಫೋಟೊ ಇಟ್ಟು ಪ್ಲಾಸ್ಟಿಕ್ ಪರದೆ ಎಳೆಯುವಂಥವು. ಅವುಗಳ ಅಂಟು ಹಳದಿಯಾಗಿ ಕಲ್ಲಾಗಿರುತ್ತದೆ. ಹಲ್ಲಿನ ಸಂದಿ ತೆಗೆಯುವ ದಾರವನ್ನು ಫೋಟೊದ ಅಡಿಗೆ ಹಾಯಿಸಿ ನಿಧಾನವಾಗಿ ಅತ್ತಿತ್ತ ಎಳೆದರೆ ಕೆಲವು ಬಿಟ್ಟುಕೊಳ್ಳುತ್ತವೆ. ಬಿಡದಿದ್ದರೆ ಹಟ ಬೇಡ, ಹಾಳೆಯ ಜೊತೆಗೇ ಪ್ರತಿ ಮಾಡಿ. ಮೂರು, ಲ್ಯಾಮಿನೇಶನ್. ನಾನೊಮ್ಮೆ ಮೂಲ ಫೋಟೊವನ್ನು ಅಂಗಡಿಯೊಂದರಲ್ಲಿ ಬಿಟ್ಟುಬಂದೆ. ಮರಳಿ ಸಿಕ್ಕಾಗ ಅಂಚು ಕತ್ತರಿಸಿ, ಲ್ಯಾಮಿನೇಶನ್ ಮಾಡಿ, ಬಹಳ ಚಂದವಾಗಿ ಕೊಟ್ಟರು. ಹಿಂಬದಿಯಲ್ಲಿ ಮಾವನ ಕೈಬರಹವಿತ್ತು, ಅರ್ಧ ಕತ್ತರಿಗೆ ಹೋಯಿತು, ಇನ್ನರ್ಧ ಬಿಸಿಗೆ. ಅಂದಿನಿಂದ ಮೂಲವನ್ನು ಯಾರ ಕೈಗೂ ಬಿಟ್ಟುಬರುವುದಿಲ್ಲ.

2. ಪ್ರತಿ ಮಾಡಿಕೊಳ್ಳಿ

ಸ್ಕ್ಯಾನರ್ ಇದ್ದರೆ ಸಣ್ಣ ಫೋಟೊಗಳಿಗೆ 600 ಡಿಪಿಐ ಇಡಿ. ಡಿಪಿಐ ಎಂದರೆ ಒಂದು ಇಂಚಿನಲ್ಲಿ ಯಂತ್ರ ಎಷ್ಟು ಚುಕ್ಕೆಗಳನ್ನು ಓದುತ್ತದೆ ಎಂಬ ಲೆಕ್ಕ. ಪೋಸ್ಟ್‌ಕಾರ್ಡಿಗಿಂತ ದೊಡ್ಡದಕ್ಕೆ 300 ಸಾಕು. ನೆಗೆಟಿವ್ ಸಿಕ್ಕಿದರೆ ಎಸೆಯಬೇಡಿ, ಮುದ್ರಿತ ಫೋಟೊದಲ್ಲಿ ಕಾಣದ ಅಂಚಿನ ಜನ ಅದರಲ್ಲಿ ಇರಬಹುದು.

ಮೊಬೈಲಿನಲ್ಲಾದರೆ ಬೆಳಗ್ಗೆ ಅಥವಾ ಸಂಜೆ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಜಾಗದಲ್ಲಿ ಫೋಟೊವನ್ನು ಮಲಗಿಸಿ, ಮೊಬೈಲನ್ನು ಅದಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಫ್ಲ್ಯಾಶ್ ಬೇಡ. ಗಾಜಿನ ಮೇಲೆ ನಿಮ್ಮದೇ ಪ್ರತಿಬಿಂಬ ಕಂಡರೆ ಹಿಂದಿನಿಂದ ಯಾರಾದರೂ ಒಂದು ಕಪ್ಪು ಬಟ್ಟೆ ಹಿಡಿಯಲಿ.

ಪ್ರತಿಯೊಂದರ ಹಿಂಬದಿಯ ಚಿತ್ರವನ್ನೂ ತೆಗೆಯಿರಿ, ಖಾಲಿ ಕಂಡರೂ. ನಂತರ ಫೋಟೊಗೆ ಒಂದು ಸಂಖ್ಯೆ ಕೊಟ್ಟು, ಹಿಂಬದಿಯ ಅಂಚಿನಲ್ಲಿ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಮುಟ್ಟಬೇಡಿ, ಅದರ ಗೀರು ಮುಂಬದಿಯಲ್ಲಿ ಯಾರದೋ ಹಣೆಯ ಮೇಲೆ ಮೂಡುತ್ತದೆ. ಈಚಿನ ಪ್ಲಾಸ್ಟಿಕ್ ಮೈಯ ಫೋಟೊಗಳಿಗೆ ಪೆನ್ಸಿಲ್ ಹಿಡಿಯುವುದಿಲ್ಲ, ಸಂಖ್ಯೆಯನ್ನು ಲಕೋಟೆಯ ಮೇಲೆ ಬರೆದು ಆಮೇಲೆ ಫೋಟೊ ಒಳಗಿಡಿ. ಪ್ರತಿಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಾದರೆ ಫೋಟೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿ, ಇಲ್ಲವಾದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

3. ಆರೇ ಆರು ಆರಿಸಿ

ಟ್ರಂಕಿನಲ್ಲಿ 300 ಫೋಟೊ ಇರಬಹುದು. ಒಂದು ಮಧ್ಯಾಹ್ನಕ್ಕೆ ಆರು ಸಾಕು. ಇಡೀ ಆಲ್ಬಮ್ ಕೈಗಿತ್ತರೆ ಪುಟ ತಿರುವುವುದೇ ಕೆಲಸವಾಗುತ್ತದೆ.

ಮನುಷ್ಯರಿಗೆ ಮುಪ್ಪಿನಲ್ಲಿ ಹೆಚ್ಚು ನಿಚ್ಚಳವಾಗಿ ಉಳಿಯುವುದು ಸುಮಾರು 10ರಿಂದ 30ರ ನಡುವಿನ ವಯಸ್ಸಿನ ನೆನಪುಗಳು ಎಂಬುದನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅಜ್ಜಿಯ ಮೊಮ್ಮಗಳ ನಾಮಕರಣದ ಫೋಟೊಗಿಂತ ಅಜ್ಜಿಯ ತಂಗಿಯ ಮದುವೆಯ ಫೋಟೊ ಹೆಚ್ಚು ಮಾತನಾಡಿಸುತ್ತದೆ. ಅವರು 1940ರಲ್ಲಿ ಹುಟ್ಟಿದ್ದರೆ 1950ರಿಂದ 1970ರ ನಡುವಿನವನ್ನು ಮೊದಲು ಹುಡುಕಿ.

ಸಾಲಾಗಿ ನಿಲ್ಲಿಸಿ ತೆಗೆದ ಚಂದದ ಸ್ಟುಡಿಯೊ ಫೋಟೊ ಒಂದು ಇರಲಿ, ಉಳಿದವು ಕೆಟ್ಟ ಫೋಟೊಗಳಾಗಿರಲಿ. ಯಾರೋ ಅರ್ಧ ತಿರುಗಿದ್ದು, ಹಿಂದೆ ಬಾವಿಕಟ್ಟೆ ಕಂಡದ್ದು, ಅಂಗಳದಲ್ಲಿ ಅಡಿಕೆ ಹರಡಿದ್ದು, ಮೂಲೆಯಲ್ಲಿ ನಾಯಿ ಬಂದದ್ದು. ಕಥೆಗಳು ಇಂಥ ಹಿನ್ನೆಲೆಗಳಿಂದ ಏಳುತ್ತವೆ. ಸ್ಟುಡಿಯೊದಲ್ಲಿ ಎಲ್ಲರ ಹಿಂದೆಯೂ ಅದೇ ಬಣ್ಣದ ಪರದೆಯ ಅರಮನೆ.

ಒಂದು ಎಚ್ಚರಿಕೆ. ಹಿಂದೆ ಸಾವಿನ ಮನೆಯಲ್ಲೂ ಫೋಟೊ ತೆಗೆಸುವುದಿತ್ತು, ಶವದ ಸುತ್ತ ಮನೆಯವರು ಕೂತ ಫೋಟೊ. ಅದು ಇವತ್ತಿನ ಆರರಲ್ಲಿ ಬೇಡ. ಎಂದಾದರೂ ಅವರಾಗಿ ಕೇಳಿದರೆ ಕೊಡಿ.

4. ಮೊದಲು ನೀವೇ ಓದಿ

ಭೂತಗನ್ನಡಿ ಹಿಡಿದು ಒಂದು ಸಂಜೆ ನೀವೊಬ್ಬರೇ ಕುಳಿತು ಫೋಟೊದಲ್ಲಿ ಏನೇನಿದೆ ಎಂದು ನೋಡಿ, ಅಂದಾಜು ಕಾಲವನ್ನು ನೋಟುಪುಸ್ತಕದಲ್ಲಿ ಬರೆದಿಡಿ. ಹಿರಿಯರನ್ನು ತಿದ್ದಲು ಇದು ಬೇಡ, ಸರಿಯಾದ ಪ್ರಶ್ನೆ ಹೊಳೆಯಲು ಬೇಕು.

ಸ್ಟುಡಿಯೊದ ರಬ್ಬರ್ ಮುದ್ರೆ ಹಿಂಬದಿಯಲ್ಲಿದ್ದರೆ ಅದೊಂದು ನಿಧಿ. ಮುದ್ರೆಯಲ್ಲಿ ಮಂಗಳೂರಿನ, 575ರಿಂದ ಶುರುವಾಗುವ ಆರಂಕಿಯ ಪಿನ್‌ಕೋಡ್ ಇದ್ದರೆ, ಉಡುಪಿಯದ್ದಾದರೆ 576, ಮುದ್ರೆ 1972ರ ನಂತರದ್ದು, ಏಕೆಂದರೆ ಪಿನ್‌ಕೋಡ್ ಬಂದದ್ದೇ ಆ ವರ್ಷದ ಆಗಸ್ಟ್ 15ರಂದು. ದೂರವಾಣಿ ಸಂಖ್ಯೆಯಲ್ಲಿ ಅಂಕಿಗಳು ಕಡಿಮೆಯಿದ್ದಷ್ಟೂ ಹಳೆಯದು. ವಾಹನದ ನಂಬರ್ ಪ್ಲೇಟ್ ಕಂಡರೆ ‘ಎಂವೈ’ ಎಂದಿದ್ದರೆ ಅದು ಮೈಸೂರು ಹೆಸರಿನ ಹಳೆಯ ನೋಂದಣಿ. ‘ಕೆಎ 19’ ಮಂಗಳೂರು, ‘ಕೆಎ 20’ ಉಡುಪಿ, ಇವು 1989ರ ನಂತರದ ಪದ್ಧತಿ. ಆದರೆ ಗಾಡಿ ಹಳೆಯದಾಗಿದ್ದು ಫೋಟೊ ಹೊಸದಿರಬಹುದು ಎಂಬುದು ನೆನಪಿರಲಿ. ಫೋಟೊದ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಕು ಮೂಡಿದ್ದರೆ ಕಣ್ಣುಮುಚ್ಚಿ ನಂಬಬೇಡಿ. ಬ್ಯಾಟರಿ ಬದಲಿಸಿದ ಮೇಲೆ ತಾರೀಕು ಸರಿಪಡಿಸುವ ತಾಳ್ಮೆ ಯಾರಿಗಿತ್ತು?

ಪರ್ಯಾಯದ, ಅಂದರೆ ಉಡುಪಿಯ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವದ, ಫೋಟೊವಾದರೆ ಲೆಕ್ಕ ಇನ್ನೂ ಸುಲಭ. ಉಡುಪಿಯಲ್ಲಿ ಪರ್ಯಾಯ ನಡೆಯುವುದು ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು, ಸಮಸಂಖ್ಯೆಯ ವರ್ಷಗಳಲ್ಲಿ. ಎಂಟು ಮಠಗಳ ಸುತ್ತು ಮುಗಿಯಲು 16 ವರ್ಷ. ಯಾವ ಮಠದ ಪರ್ಯಾಯ ಎಂದು ತಿಳಿದರೆ ಸಾಕು, 16ರ ಮೆಟ್ಟಿಲು ಹತ್ತಬಹುದು: ಪೇಜಾವರ ಮಠದ ಸರದಿ 1952, 1968, 1984, 2000, 2016. ಫೋಟೊದಲ್ಲಿರುವ ಮಗುವಿಗೆ ಈಗ ಎಷ್ಟು ವಯಸ್ಸು ಎಂದು ನೋಡಿದರೆ ಈ ಐದರಲ್ಲಿ ನಾಲ್ಕು ತಾವಾಗಿ ಬಿದ್ದುಹೋಗುತ್ತವೆ.

ಕೂತವರ ಕ್ರಮವನ್ನೂ ಓದಿ. ಅಳಿಯಕಟ್ಟಿನ ಮನೆಗಳಲ್ಲಿ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಹರಿಯುತ್ತಿದ್ದ ಮನೆತನಗಳಲ್ಲಿ, ನಡುವಿನ ಕುರ್ಚಿಯಲ್ಲಿ ಕೂತವರು ಮಕ್ಕಳ ಅಪ್ಪ ಆಗಿರಬೇಕಿಲ್ಲ, ಬಹುಮಟ್ಟಿಗೆ ತಾಯಿಯ ಅಣ್ಣನೇ. ಅಪ್ಪ ಕೊನೆಯ ಸಾಲಿನಲ್ಲಿ ಅತಿಥಿಯಂತೆ ನಿಂತಿರಬಹುದು, ಅಥವಾ ಫೋಟೊದಲ್ಲೇ ಇಲ್ಲದಿರಬಹುದು. ಇದು ಗೊತ್ತಿಲ್ಲದ ಮೊಮ್ಮಕ್ಕಳು ನಡುವಿನವರನ್ನು ‘ಅಜ್ಜ’ ಎಂದು ಬರೆದು, ಒಂದು ಮನೆತನದ ವಂಶವೃಕ್ಷವನ್ನೇ ತಿರುಚಿಬಿಟ್ಟದ್ದನ್ನು ನಾನು ನೋಡಿದ್ದೇನೆ.

5. ಕೂರುವ ಜಾಗ, ಹೊತ್ತು, ಭಾಷೆ

ಮಧ್ಯಾಹ್ನದ ನಿದ್ದೆ ಮುಗಿದು ಚಹಾ ಆದ ಮೇಲೆ, ನಾಲ್ಕರ ಸುಮಾರಿಗೆ ಕೂತರೆ ಒಳ್ಳೆಯದು. ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ. ಎದುರುಬದುರು ಕೂರದೆ ಪಕ್ಕದಲ್ಲಿ ಕುಳಿತುಕೊಳ್ಳಿ.

ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ (ಕರೆ ಬಂದರೆ ರೆಕಾರ್ಡಿಂಗ್ ನಿಂತೀತು), ಮಡಚಿದ ಬೈರಾಸಿನ (ಟವೆಲಿನ) ಮೇಲೆ ಇಡಿ, ಬಟ್ಟೆ ಮೇಜಿನ ಕಂಪನವನ್ನು ಹೀರುತ್ತದೆ. ಫ್ಯಾನ್ ಆರಿಸಿ. ನಮ್ಮ ಸೆಕೆಯಲ್ಲಿ ಇದು ಕ್ರೌರ್ಯವೇ, ಆದರೆ ಸೀಲಿಂಗ್ ಫ್ಯಾನಿನ ಅಡಿಯಲ್ಲಿ ಮಾಡಿದ ನನ್ನ ಮೊದಲ ಎರಡು ರೆಕಾರ್ಡಿಂಗ್‌ಗಳಲ್ಲಿ ಹೆಲಿಕಾಪ್ಟರ್ ಹಾರುತ್ತಿದೆ. ಆಟಿಯಲ್ಲಿ ಹಂಚಿನ ಮನೆಯಾದರೆ ಮಳೆಯ ಸದ್ದಿಗೆ ಮಾತು ಕೇಳುವುದೇ ಇಲ್ಲ. ಮಳೆ ಜೋರಾದಾಗ ರೆಕಾರ್ಡಿಂಗ್ ನಿಲ್ಲಿಸಿ ಹಪ್ಪಳ ತಿನ್ನಿ, ಹೊಳವಾದ ಮೇಲೆ ಮುಂದುವರಿಸಿ. ಶುರುವಿನಲ್ಲಿ ತಾರೀಕು, ಊರು, ಯಾರ ಜೊತೆ ಮಾತು, ಎಷ್ಟನೆಯ ಸಂಖ್ಯೆಯ ಫೋಟೊ ಎಂದು ನೀವೇ ಬಾಯಿಬಿಟ್ಟು ಹೇಳಿ. ಪ್ರತಿ ಸಲ ಫೋಟೊ ಬದಲಿಸುವಾಗಲೂ ಸಂಖ್ಯೆ ಹೇಳಿ. ಇಲ್ಲದಿದ್ದರೆ ಆರು ತಿಂಗಳ ನಂತರ ಕೇಳುವಾಗ ‘ಇಗೋ ಇವಳು, ಇವನ ಪಕ್ಕದಲ್ಲಿ’ ಎಂಬ ಮಾತು ಯಾರ ಕುರಿತೆಂದು ದೇವರಿಗೇ ಗೊತ್ತು.

ರೆಕಾರ್ಡ್ ಮಾಡುತ್ತಿದ್ದೇವೆ ಎಂದು ಮೊದಲೇ ಹೇಳಬೇಕು. ಕದ್ದು ಮಾಡುವುದು ಬೇಡ, ಅಜ್ಜಿಯೇ ಆದರೂ.

ಅವರ ಮನೆಮಾತಿನಲ್ಲೇ ಮಾತನಾಡಲಿ. ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಾಪ್ರದ ಕನ್ನಡವೋ, ಯಾವುದರಲ್ಲಿ ಅವರು ಬೈಯುತ್ತಾರೋ ಆ ಭಾಷೆ. ನೀವು ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಮರ್ಯಾದೆಯ ಕನ್ನಡದಲ್ಲಿ ಮೂರು ವಾಕ್ಯ ಬರುತ್ತದೆ, ಅಷ್ಟೇ.

6. ಕೇಳುವುದು

ಫೋಟೊವನ್ನು ಅವರ ಕೈಗೆ ಕೊಡಿ, ಸುಮ್ಮನಿರಿ. ಮನಸ್ಸಿನಲ್ಲಿ ನಿಧಾನವಾಗಿ ಹದಿನೈದರವರೆಗೆ ಎಣಿಸಿ. ಈ ಮೌನವನ್ನು ತಡೆದುಕೊಳ್ಳಲಾಗದೆ ನಾವೇ ಬಾಯಿ ಹಾಕುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಬಹಳ ಸಲ ಅವರ ಬೆರಳು ಮೊದಲು ಮಾತನಾಡುತ್ತದೆ. ನೀವು ಮದುಮಗಳ ಬಗ್ಗೆ ಕೇಳಬೇಕೆಂದಿರುವಾಗ ಆ ಬೆರಳು ಮೂಲೆಯ ಹಿತ್ತಾಳೆ ಕೊಡಪಾನದ ಮೇಲೆ ನಿಂತಿರುತ್ತದೆ. ಅಲ್ಲಿಂದಲೇ ಶುರುಮಾಡಿ.

ಮಾತು ತಾನಾಗಿ ಬರದಿದ್ದರೆ ನಾನು ಬಳಸುವ ಪ್ರಶ್ನೆಗಳು ಇವು:

‘ಈ ಫೋಟೊ ತೆಗೆದವರು ಯಾರು? ಕ್ಯಾಮೆರಾ ಎಲ್ಲಿಂದ ಬಂತು?’ ಫೋಟೊದಲ್ಲಿಲ್ಲದ ಒಬ್ಬರು ಕೂಡಲೇ ಒಳಗೆ ಬರುತ್ತಾರೆ. ಮುಂಬಯಿಯ ಹೋಟೆಲಿನಲ್ಲಿ ದುಡಿದು ರಜೆಗೆ ಬಂದ ಭಾವ, ಗಲ್ಫಿನಿಂದ ಮೊದಲ ಕ್ಯಾಮೆರಾ ತಂದ ಮಗ. ಎಪ್ಪತ್ತರ ದಶಕದ ನಂತರದ ಎಷ್ಟೋ ಮನೆಗಳಲ್ಲಿ ದುಡಿಯುವ ಗಂಡಸು ಯಾವ ಫೋಟೊದಲ್ಲೂ ಇಲ್ಲ, ಏಕೆಂದರೆ ಆ ಫೋಟೊಗಳನ್ನು ತೆಗೆಸಿದ್ದೇ ಅವನಿಗೆ ಕಳುಹಿಸಲು.

‘ಈ ದಿನ ಯಾರು ಇರಬೇಕಿತ್ತು, ಯಾರಿಲ್ಲ?’ ಇದು ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಬಲವಾದ ಪ್ರಶ್ನೆ, ಆದ್ದರಿಂದಲೇ ಅಪಾಯದ್ದೂ. ಮುನಿಸಿಕೊಂಡು ಬಾರದವರು, ಪಾಲಿನ ಜಗಳದಲ್ಲಿ ಬೇರೆಯಾದವರು, ಒಳಗೆ ಅಡುಗೆ ಮಾಡುತ್ತಿದ್ದವರು, ಗಂಡ ತೀರಿಕೊಂಡದ್ದರಿಂದ ಮದುವೆ ಚಪ್ಪರಕ್ಕೆ ಬರಬಾರದೆಂದು ಒಳಗೇ ಕೂತವರು. ಎರಡನೆಯ ಭೇಟಿಗೆ ಮೊದಲು ಕೇಳಬೇಡಿ.

‘ಈ ಸೀರೆ ಯಾರದು?’ ‘ಯಾವುದು’ ಅಲ್ಲ, ‘ಯಾರದು’. ಸ್ಟುಡಿಯೊಕ್ಕೆ ಹೋಗುವಾಗ ಸೀರೆ, ಸರ, ವಾಚು ಎರವಲು ತರುವುದು ಸಾಮಾನ್ಯವಾಗಿತ್ತು. ಎರವಲಿನ ಹಿಂದೆ ಹೋದರೆ ಇಡೀ ಕೇರಿಯೇ ಸಿಗುತ್ತದೆ.

‘ಈ ಬಾಗಿಲಿನಿಂದ ಒಳಗೆ ಹೋದರೆ ಏನಿತ್ತು?’ ಈ ಒಂದು ಪ್ರಶ್ನೆಗೆ ಚಾವಡಿ, ಪಡಸಾಲೆ, ಬಾಣಂತಿ ಕೋಣೆ, ಅಕ್ಕಿಮುಡಿ ಇಟ್ಟ ಜಾಗ, ಬಚ್ಚಲ ಹಂಡೆಯವರೆಗೆ ನಡೆದುಕೊಂಡು ಹೋಗುವವರಿದ್ದಾರೆ. ನೋಟುಪುಸ್ತಕದಲ್ಲಿ ಅವರಿಂದಲೇ ಮನೆಯ ನಕ್ಷೆ ಬರೆಸಿ. ಗೆರೆ ಸೊಟ್ಟಗಿರಲಿ.

‘ಆ ದಿನ ಊಟಕ್ಕೆ ಏನು ಮಾಡಿದ್ದರು, ಬಡಿಸಿದವರು ಯಾರು?’ ಬಡಿಸಿದವರು, ಉಂಡವರು, ಅಂಗಳದ ಆಚೆ ಕೂತು ಉಂಡವರು. ಜಾತಿಯ ಕಥೆಯನ್ನು ನೇರವಾಗಿ ಕೇಳಿದರೆ ‘ನಮ್ಮಲ್ಲಿ ಅಂಥದ್ದೇನಿರಲಿಲ್ಲ’ ಎನ್ನುವವರು, ಊಟದ ಪಂಕ್ತಿಯನ್ನು ವಿವರಿಸುವಾಗ ಎಲ್ಲವನ್ನೂ ಹೇಳಿಬಿಡುತ್ತಾರೆ.

ಇನ್ನು ಮುಂದುವರಿಸಲು ಹೊಸ ಪ್ರಶ್ನೆ ಬೇಕಾಗಿಲ್ಲ. ತುಳುವಿನಲ್ಲಿ ‘ಬೊಕ್ಕ?’ ಎಂಬ ಒಂದು ಪದವಿದೆ, ‘ಮತ್ತೆ?’ ಎಂದು ಅರ್ಥ. ಅದನ್ನು ಸರಿಯಾದ ಜಾಗದಲ್ಲಿ, ಕತ್ತು ಸ್ವಲ್ಪ ಮುಂದೆ ಮಾಡಿ ಹೇಳಲು ಬಂದರೆ ಬೇರೆ ತರಬೇತಿ ಬೇಡ.

ಮಾಡಬಾರದವು: ಅವರು ಹೇಳುತ್ತಿರುವಾಗ ‘ಅಲ್ಲಜ್ಜಿ, ಅದು ಆಮೇಲೆ’ ಎಂದು ತಿದ್ದುವುದು, ವಾಕ್ಯ ಪೂರ್ತಿ ಮಾಡಿಕೊಡುವುದು, ‘ಆಗ ಬಹಳ ಕಷ್ಟವಾಗಿತ್ತು ಅಲ್ಲವಾ?’ ಎಂದು ಉತ್ತರವನ್ನು ನಾವೇ ಬಾಯಿಗಿಡುವುದು. ಕಣ್ಣೀರು ಬಂದರೆ ಗಾಬರಿಯಾಗಿ ಫೋಟೊ ಕಸಿದುಕೊಳ್ಳಬೇಡಿ, ನೀರು ಕೊಟ್ಟು ಕಾಯಿರಿ. ಅವರು ‘ಸಾಕು’ ಎಂದರೆ ಮಾತ್ರ ಸಾಕು. ದೈವದ ಕೋಲದ, ಅಂದರೆ ಭೂತಾರಾಧನೆಯ, ಫೋಟೊ ಕೈಗೆ ಬಂದರೆ ಮೊದಲು ಅದರ ಬಗ್ಗೆ ಮಾತನಾಡಬಹುದೇ ಎಂದು ಕೇಳಿಕೊಳ್ಳಿ. ಅನೇಕ ಕಡೆ ಕೋಲದ ಫೋಟೊ ತೆಗೆಯಲು ಇಂದಿಗೂ ಒಪ್ಪುವುದಿಲ್ಲ, ಆ ಸೂಕ್ಷ್ಮ ಮಾತಿಗೂ ಇದೆ.

7. ವರ್ಷ ಕೇಳಬೇಡಿ, ‘ಮೊದಲೋ ಆಮೇಲೋ’ ಕೇಳಿ

‘ಇದು ಯಾವ ಇಸವಿ?’ ಎಂದರೆ ‘ಯಾರಿಗೆ ಗೊತ್ತು ಮಗಾ’ ಎಂಬ ಉತ್ತರ ಖಚಿತ. ಊರಿಗೆಲ್ಲ ಗೊತ್ತಿರುವ ಒಂದು ಘಟನೆಯನ್ನು ಗೂಟವಾಗಿ ನೆಟ್ಟು, ಅದಕ್ಕಿಂತ ಮೊದಲೋ ಆಮೇಲೋ ಎಂದು ಕೇಳಿದರೆ ಮಾತು ಮುಂದೆ ಸಾಗುತ್ತದೆ. ನಮ್ಮ ಜಿಲ್ಲೆಗೆ ಹೊಂದುವ ಕೆಲವು ಗೂಟಗಳು: ದಕ್ಷಿಣ ಕನ್ನಡ ಮದ್ರಾಸಿನಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1. ಇಲ್ಲಿಯೇ ಹುಟ್ಟಿದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕುಗಳು ರಾಷ್ಟ್ರೀಕರಣವಾದದ್ದು 1969ರ ಜುಲೈ. ನೇತ್ರಾವತಿಯ ದೊಡ್ಡ ನೆರೆ 1974, ಮಂಗಳೂರಿನ ಪಣಂಬೂರಿನ ಬಂದರು ಪ್ರಮುಖ ಬಂದರೆಂದು ಘೋಷಣೆಯಾದದ್ದೂ ಅದೇ ವರ್ಷ. ಉಡುಪಿ ಬೇರೆ ಜಿಲ್ಲೆಯಾದದ್ದು 1997, ಕೊಂಕಣ ರೈಲು ಉದ್ದಕ್ಕೂ ಓಡಿದ್ದು 1998.

ಇವೆಲ್ಲಕ್ಕಿಂತ ಗಟ್ಟಿಯಾದ ಗೂಟ ‘ಡಿಕ್ಲರೇಶನ್’. ಭೂಸುಧಾರಣೆಯ ತಿದ್ದುಪಡಿ 1974ರಲ್ಲಿ ಜಾರಿಯಾದ ಮೇಲೆ ಗೇಣಿದಾರರು ತಾವು ಉಳುವ ಜಮೀನು ತಮಗೆ ಬೇಕೆಂದು ಕೊಟ್ಟ ಅರ್ಜಿಗೆ ಇಲ್ಲಿನ ಹೆಸರು ಅದು. ‘ಡಿಕ್ಲರೇಶನ್ ಕೊಡುವುದಕ್ಕೆ ಮೊದಲೋ ಆಮೇಲೋ?’ ಎಂದು ಕೇಳಿ ನೋಡಿ. ಉತ್ತರ ತಟ್ಟನೆ ಬರುತ್ತದೆ. ಆದರೆ ಯಾರ ಮನೆಯ ಚಾವಡಿಯಲ್ಲಿ ಕೂತು ಕೇಳುತ್ತಿದ್ದೀರಿ ಎಂಬ ಅರಿವಿರಲಿ. ಧಣಿಗಳ ಮನೆಯಲ್ಲಿ ಅದು ಭೂಮಿ ಹೋದ ವರ್ಷ, ಒಕ್ಕಲಿನ ಮನೆಯಲ್ಲಿ ಭೂಮಿ ಬಂದ ವರ್ಷ. ಧಣಿಗಳ ಅಂಗಳದಲ್ಲಿ ತೆಗೆದ ಒಂದೇ ಫೋಟೊದ ಎರಡು ಪ್ರತಿ ಎರಡೂ ಮನೆಗಳಲ್ಲಿದ್ದರೆ, ಎರಡೂ ಕಡೆ ಹೋಗಿ ಕೇಳಿ.

8. ಎರಡು ನೆನಪು ಹೊಂದದಿದ್ದಾಗ

ಅಕ್ಕ ‘ಇದು ಕಾರ್ಕಳದಲ್ಲಿ’ ಎನ್ನುತ್ತಾಳೆ, ತಂಗಿ ‘ಮೂಡುಬಿದಿರೆ’ ಎನ್ನುತ್ತಾಳೆ. ಯಾರು ಸರಿ ಎಂದು ನೀವು ತೀರ್ಪು ಕೊಡಬೇಡಿ, ಎರಡನ್ನೂ ಹೆಸರು ಸಮೇತ ಬರೆದುಕೊಳ್ಳಿ. ಮೊದಲು ಒಬ್ಬೊಬ್ಬರನ್ನೇ ಕೂರಿಸಿ ಕೇಳುವುದು, ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ನನಗೆ ಒಗ್ಗಿದ ಕ್ರಮ. ತಿರುಗುಮುರುಗು ಮಾಡಿದರೆ ದನಿ ಜೋರಿರುವವರ ನೆನಪೇ ಎಲ್ಲರ ನೆನಪಾಗುತ್ತದೆ.

ಫೋಟೊ ನೆನಪನ್ನು ಎಬ್ಬಿಸುವಂತೆಯೇ ಇಲ್ಲದ ನೆನಪನ್ನು ಹುಟ್ಟಿಸಲೂ ಬಲ್ಲದು. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬಾಲ್ಯದ ಫೋಟೊವೊಂದನ್ನು ಬಿಸಿಗಾಳಿ ಬಲೂನಿನೊಳಗೆ ಕೂರಿಸಿದಂತೆ ಕೃತಕವಾಗಿ ಜೋಡಿಸಿ ತೋರಿಸಿದಾಗ, ಎಂದೂ ಬಲೂನು ಹತ್ತದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕೆಲವೇ ಭೇಟಿಗಳಲ್ಲಿ ಆ ಪ್ರಯಾಣವನ್ನು ಪೂರ್ತಿಯಾಗಿಯೋ ತುಸುಮಟ್ಟಿಗೋ ‘ನೆನಪಿಸಿಕೊಂಡರು’. ಆದ್ದರಿಂದ ಕಪ್ಪುಬಿಳುಪು ಫೋಟೊಗೆ ಬಣ್ಣ ತುಂಬುವ ಮೊಬೈಲ್ ಆ್ಯಪ್‌ಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಆ ಬಣ್ಣ ಯಂತ್ರದ ಊಹೆ. ಅಜ್ಜಿಯ ಮದುವೆ ಸೀರೆಯನ್ನು ಅದು ನೀಲಿ ಮಾಡಿ ತೋರಿಸಿದರೆ, ಅಜ್ಜಿಯ ಮನಸ್ಸಿನಲ್ಲಿ ಉಳಿದಿದ್ದ ಮಾವಿನ ಚಿಗುರಿನ ಬಣ್ಣ ಅಳಿಸಿಹೋಗಬಹುದು. ಬಣ್ಣ ತುಂಬಲೇಬೇಕೆಂದಿದ್ದರೆ ಮೊದಲು ಸೀರೆಯ ಬಣ್ಣ ಕೇಳಿ ರೆಕಾರ್ಡ್ ಮಾಡಿಕೊಂಡು ಆಮೇಲೆ ತುಂಬಿ, ಮೂಲ ಪ್ರತಿಯನ್ನು ಬೇರೆಯೇ ಇಡಿ.

9. ಬರೆದಿಡುವುದು, ಹಂಚುವುದು

ಕೇಳಿದ ವಾರದೊಳಗೆ ರೆಕಾರ್ಡಿಂಗ್ ಕೇಳುತ್ತಾ ಬರೆದುಕೊಳ್ಳಿ. ಪೂರ್ತಿ ಅಕ್ಷರಕ್ಕಿಳಿಸಲು ಒಂದು ಗಂಟೆಯ ಮಾತಿಗೆ ನಾಲ್ಕೈದು ಗಂಟೆ ಹಿಡಿಯುತ್ತದೆ. ಅಷ್ಟು ಆಗದಿದ್ದರೆ ಯಾವ ನಿಮಿಷದಲ್ಲಿ ಯಾವ ವಿಷಯ ಎಂಬ ಪಟ್ಟಿಯನ್ನಾದರೂ ಮಾಡಿ. ಕನ್ನಡಕ್ಕೆ ತರುವಾಗ ‘ಕಲೆಂಬಿ’ಯನ್ನು (ಮರದ ದೊಡ್ಡ ಪೆಟ್ಟಿಗೆಗೆ ತುಳುವಿನ ಹೆಸರು) ಸುಮ್ಮನೆ ‘ಪೆಟ್ಟಿಗೆ’ ಮಾಡಬೇಡಿ, ಪದ ಹಾಗೆಯೇ ಇರಲಿ, ಪಕ್ಕದಲ್ಲಿ ಅರ್ಥ ಬರೆಯಿರಿ.

ಕಡತದ ಹೆಸರು ಸಂಖ್ಯೆಯಿಂದಲೇ ಶುರುವಾಗಲಿ, ಫೋಟೊಗೂ ಧ್ವನಿಗೂ ಬರಹಕ್ಕೂ ಒಂದೇ ಸಂಖ್ಯೆ. ಮೂರು ಪ್ರತಿ ಇರಲಿ, ಒಂದು ಬೇರೆ ಊರಿನ ಬಂಧುವಿನ ಮನೆಯಲ್ಲಿ. ಮೂಲ ಫೋಟೊಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ, ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ರಬ್ಬರ್ ಬ್ಯಾಂಡ್, ಅಂಟುಪಟ್ಟಿ, ಅಗ್ಗದ ಪ್ಲಾಸ್ಟಿಕ್ ಚೀಲ ಬೇಡ.

ಕುಟುಂಬದ ಗುಂಪಿಗೆ ಹಾಕುವ ಮೊದಲು ಹೇಳಿದವರ ಒಪ್ಪಿಗೆ ಕೇಳಿ. ಫೋಟೊಗೆ ಒಪ್ಪಿಗೆ ಬೇರೆ, ಕಥೆಗೆ ಬೇರೆ. ಅಜ್ಜಿ ನಿಮಗೆ ಹೇಳಿದ್ದು ನಿಮಗೆ, ಅವರ ನಾದಿನಿಯ ಸೊಸೆಗಲ್ಲ.

ಮನೆಯಲ್ಲಿ ಫೋಟೊವೇ ಇಲ್ಲದಿದ್ದರೆ?

ಇದನ್ನು ಕೇಳುವವರೂ ಬಹಳ, ಮತ್ತು ಅವರಿಗೆ ಯಾರೂ ಸರಿಯಾಗಿ ಉತ್ತರಿಸುವುದಿಲ್ಲ. ಐವತ್ತು ವರ್ಷದ ಹಿಂದೆ ಫೋಟೊ ತೆಗೆಸಲು ಕೈಯಲ್ಲಿ ಹಣವಿರಬೇಕಿತ್ತು. ಫೋಟೊ ತೆಗೆದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದವರೂ ಇದ್ದರು. ಕೂಲಿಯವರ, ಬೀಡಿ ಕಟ್ಟಿದವರ ಮನೆಗಳಲ್ಲಿ ಅಜ್ಜಿಯ ಒಂದೇ ಫೋಟೊ ಮತದಾರರ ಚೀಟಿಯದ್ದಾಗಿರುತ್ತದೆ. ಅಂಥಲ್ಲಿ ಊರಿನ ಫೋಟೊಗಳನ್ನು ಮುಂದಿಡಿ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನ ಹಳೆಯ ಛಾಯಾಚಿತ್ರ ಸಂಗ್ರಹವನ್ನು ಅಂತರ್ಜಾಲದಲ್ಲೇ ಹುಡುಕಿ ನೋಡಬಹುದು. ಹಂಚಿನ ಕಾರ್ಖಾನೆ, ಶಾಲೆ, ಬೀದಿಗಳ ಚಿತ್ರಗಳು ಅದರಲ್ಲಿವೆ. ಅವು ಅಜ್ಜಿಯ ಕಾಲಕ್ಕಿಂತ ಬಹಳ ಹಳೆಯವಾಗಿರಬಹುದು, ಚಿಂತೆಯಿಲ್ಲ. ಹಂಚಿನ ಕಾರ್ಖಾನೆಯಲ್ಲಿ ದುಡಿದವರಿಗೆ ಆ ಆವಿಗೆಯ ಚಿತ್ರ ತೋರಿಸಿ ‘ನೀವಿದ್ದಾಗ ಹೀಗೇ ಇತ್ತಾ?’ ಎಂದರೆ, ‘ಎಲ್ಲಿಯ ಹೀಗೆ!’ ಎಂದು ಶುರುವಾಗುವ ಮಾತಿಗೆ ತಡೆಯಿಲ್ಲ. ಶಾಲೆಯ ಗುಂಪು ಫೋಟೊ ಇನ್ನೊಂದು ದಾರಿ. ಅದು ನಿಮ್ಮ ಮನೆಯಲ್ಲಿಲ್ಲದಿದ್ದರೂ ಊರಿನ ಹಳೆಯ ಶಾಲೆಯ ಗೋಡೆಯಲ್ಲಿ ಇರಬಹುದು.

ಗುರುತು ಸಿಗದೆ ಉಳಿದವು

ಎಷ್ಟು ಮಾಡಿದರೂ ಯಾರೆಂದು ತಿಳಿಯದ ಹತ್ತಿಪ್ಪತ್ತು ಫೋಟೊ ಉಳಿಯುತ್ತವೆ. ಅವನ್ನು ಎಸೆಯಬೇಡಿ. ಪ್ರತಿಗಳನ್ನು ದೊಡ್ಡದಾಗಿ ಮುದ್ರಿಸಿ, ಪ್ರತಿ ಮುಖದ ಪಕ್ಕದಲ್ಲಿ ಒಂದು ಅಂಕಿ ಬರೆದು ಲಕೋಟೆಯಲ್ಲಿ ಹಾಕಿಡಿ. ನಾಗರಪಂಚಮಿಗೆ ಕುಟುಂಬದ ಮೂಲ ನಾಗಬನಕ್ಕೆ ತನು ಹಾಕಲು (ನಾಗನಿಗೆ ಹಾಲು, ಎಳನೀರು ಎರೆಯಲು) ಹೋಗುತ್ತೀರಲ್ಲ, ಆ ದಿನ ಅದನ್ನು ಚೀಲದಲ್ಲಿಟ್ಟುಕೊಳ್ಳಿ. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದ ಕವಲುಗಳು ಆ ಒಂದು ಬೆಳಗ್ಗೆ ಒಂದೇ ಮರದ ಕೆಳಗೆ ನಿಂತಿರುತ್ತವೆ. ಪೂಜೆ ಮುಗಿದು, ಅರಸಿನದ ಎಲೆಯ ಕಡುಬು ತಿನ್ನುವ ಹೊತ್ತಿಗೆ ಲಕೋಟೆ ಹೊರತೆಗೆಯಿರಿ. ಯಾರಾದರೂ ‘ಮೂರನೆಯವಳು ನಮ್ಮ ದೊಡ್ಡಮ್ಮ’ ಎಂದರೆ ಹೇಳಿದವರ ಹೆಸರು, ಊರು, ಮೊಬೈಲ್ ಸಂಖ್ಯೆಯನ್ನು ಅದೇ ಪ್ರತಿಯ ಹಿಂಬದಿಯಲ್ಲಿ ಬರೆದುಕೊಳ್ಳಿ. ಮಳೆ ಬರುತ್ತಿರುತ್ತದೆ, ಪ್ಲಾಸ್ಟಿಕ್ ಕಡತವೊಂದು ಜೊತೆಗಿರಲಿ.